ಕಬ್ಬಿಗೆ ದರ ಕಟ್ಟುವ ಸರ್ಕಾರ ದವಾಖಾನೆಗೆ ಯಾಕೆ ಕಟ್ಟದು?



ನಮ್ಮ ಸಾಲದ ಲೆಕ್ಕ ಬರೆಯುವಾಗ ಸೊಸಾಯಿಟಿ ಸೆಕ್ರೆಟರಿ ಬೀಜ ಬರೀತಾನೆ, ಗೊಬ್ಬರ ಬರೀತಾನೆ. ಬ್ಯಾಂಕಿನವನು ಟ್ರ್ಯಾಕ್ಟರ್ ಬರೀತಾನೆ, ಪೈಪ್‌ಲೈನ್ ಬರೀತಾನೆ. ದವಾಖಾನೆ ಬಿಲ್ಲು ಎಂಬ ಕಲಮು ಯಾವ ಖಾತೆಯಲ್ಲೂ ಇಲ್ಲ. ಆದರೆ ನಮ್ಮ ಊರಿನ ಹತ್ತು ಮನೆ ಬಾಗಿಲಿಗೆ ಹೋಗಿ ಕೇಳಿ ನೋಡಿ: "ಯಾಕಪ್ಪಾ, ಹೊಲ ಒತ್ತಿ ಹಾಕಿದಿ?" ಅಂದರೆ, "ಅಪ್ಪಗ ಹೃದಯದ ಆಪರೇಶನ್ ಆತು", "ಹೆಂಡತಿದು ಹೆರಿಗಿ ಕಷ್ಟ ಆತು", "ಮಗಗ ಹಾವು ಕಡೀತು" ಅನ್ನುವವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತಾಗುತ್ತದೆ. ಬೆಳೆಸಾಲ ಎತ್ತಿ ಆಸ್ಪತ್ರೆಗೆ ಕಟ್ಟಿದವನನ್ನು ಸರ್ಕಾರ ಬೆಳೆಸಾಲದ ಬಾಕಿದಾರ ಎನ್ನುತ್ತದೆ. 2018ರಲ್ಲಿ ಸಾಲ ಮನ್ನಾ ಆಯಿತು. ವಾಣಿಜ್ಯ ಬ್ಯಾಂಕಿನಲ್ಲಿ 2 ಲಕ್ಷದವರೆಗೆ, ಸಹಕಾರಿ ಸಂಘದಲ್ಲಿ 1 ಲಕ್ಷದವರೆಗೆ. ಹೆಂಡತಿ ತಾಳಿ ಒತ್ತೆ ಇಟ್ಟು ಕಟ್ಟಿದ ಆಸ್ಪತ್ರೆ ದುಡ್ಡು, ಸಾವಕಾರನ ಕೈಸಾಲ, ಇವು ಯಾವ ಮನ್ನಾದಲ್ಲಿ ಬಂದವು?

ಇದು ಬರೀ ನಮ್ಮ ಗೋಳಲ್ಲ, ಸರ್ಕಾರದ್ದೇ ಲೆಕ್ಕ ಇದೆ. ಕೇಂದ್ರ ಸರ್ಕಾರ 2017-18ರಲ್ಲಿ ಮಾಡಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹಳ್ಳಿಯವನೊಬ್ಬ ಒಂದು ಸಲ ಖಾಸಗಿ ಆಸ್ಪತ್ರೆಯಲ್ಲಿ ಮಲಗಿದರೆ ಸರಾಸರಿ ವೈದ್ಯಕೀಯ ಖರ್ಚು 27,347 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಾದರೆ 4,290 ರೂಪಾಯಿ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕೂತು ನಮ್ಮ ಕಬ್ಬು ಬೆಳೆಗಾರರು ಪಡೆದದ್ದು ಟನ್ನಿಗೆ 3,300 ರೂಪಾಯಿ. ಆ ಹಳೆಯ ಬಿಲ್ಲನ್ನು ಈ ಹೊಸ ದರದಲ್ಲಿ ಅಳೆದರೂ ಖಾಸಗಿ ಹಾಸಿಗೆಗೆ 8 ಟನ್ನಿಗಿಂತ ಮೇಲೆ ಕಬ್ಬು ಹೋಗುತ್ತದೆ. ಸರ್ಕಾರಿ ಹಾಸಿಗೆಗೆ ಒಂದೂವರೆ ಟನ್ನೂ ಬೇಡ. ಈ ಎರಡರ ನಡುವಿನ ಕಬ್ಬು ಯಾರ ಗಾಣಕ್ಕೆ ಹೋಯಿತು? ಅದೇ ನಮ್ಮ ಪ್ರಶ್ನೆ.

ಕಬ್ಬಿನ ದರ ನಾವು ಕಟ್ಟುವುದಿಲ್ಲ. ದಿಲ್ಲಿಯವರು ಎಫ್‌ಆರ್‌ಪಿ ಅಂತ ಕಟ್ಟುತ್ತಾರೆ. ಭತ್ತಕ್ಕೂ ಅವರೇ ಬೆಂಬಲ ಬೆಲೆ ಕಟ್ಟುತ್ತಾರೆ. ಈರುಳ್ಳಿ ಬೆಲೆ ಏರಿದರೆ ರಫ್ತು ನಿಲ್ಲಿಸುತ್ತಾರೆ. ರೈತನ ಮಾಲಿಗೆ ಕೈ ಹಾಕಲು ಸರ್ಕಾರಕ್ಕೆ ಯಾವತ್ತೂ ಅಂಜಿಕೆಯಿಲ್ಲ. ಇದೇ ಸರ್ಕಾರ ಒಂದು ಸಲ ದವಾಖಾನೆ ದರಕ್ಕೆ ಕೈ ಹಾಕಲು ಹೋಯಿತು. ಆವಾಗ ಏನಾಯಿತು ಎಂಬುದನ್ನು ಬೆಳಗಾವಿ ಕಣ್ಣಾರೆ ಕಂಡಿದೆ.

2017ರ ಮಾತು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ತಿದ್ದುಪಡಿ ತರಲು ಆಗಿನ ಆರೋಗ್ಯ ಮಂತ್ರಿ ಕೆ.ಆರ್. ರಮೇಶ್ ಕುಮಾರ್ ಮಸೂದೆ ಮಂಡಿಸಿದರು. ಚಿಕಿತ್ಸೆಗೆ ಸರ್ಕಾರ ದರ ಗೊತ್ತು ಮಾಡುವುದು, ತಪ್ಪಿದವರಿಗೆ ಜೈಲು, ಜಿಲ್ಲೆಗೊಂದು ದೂರು ಪ್ರಾಧಿಕಾರ: ಇವು ಅದರ ಮುಖ್ಯ ಅಂಶ. ನವೆಂಬರ್‌ನಲ್ಲಿ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕೂಡಿತು. ನಾಡಿನ ಖಾಸಗಿ ವೈದ್ಯರು ಬೆಳಗಾವಿಗೆ ಬಂದು ಧರಣಿ ಕೂತರು. ಊರೂರಲ್ಲಿ ಹೊರರೋಗಿ ವಿಭಾಗ ಬಂದ್ ಆದವು. ವಿಷಯ ಹೈಕೋರ್ಟಿಗೆ ಹೋಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈದ್ಯರ ಸಂಘದೊಡನೆ ಮಾತಿಗೆ ಕೂತರು. ಕೊನೆಗೆ ಅದೇ ತಿಂಗಳು ಮಸೂದೆ ಪಾಸಾಯಿತು, ಆದರೆ ಹಲ್ಲು ಕಿತ್ತ ಮೇಲೆ. ಜೈಲು ಹೋಯಿತು. ಎಲ್ಲ ರೋಗಿಗಳಿಗೂ ಸರ್ಕಾರ ದರ ಕಟ್ಟುವ ಮಾತೂ ಹೋಯಿತು, ಸರ್ಕಾರಿ ಯೋಜನೆಯಡಿ ಬಂದ ರೋಗಿಗಳಿಗಷ್ಟೇ ಅದು ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಾವು ಇಲ್ಲಿ ನ್ಯಾಯದ ಮಾತನ್ನೇ ಆಡಬೇಕು. ವೈದ್ಯರೆಲ್ಲ ಸುಲಿಗೆಕೋರರು ಎಂದು ಈ ಪತ್ರಿಕೆ ಎಂದೂ ಬರೆದಿಲ್ಲ, ಬರೆಯುವುದೂ ಇಲ್ಲ. ಹಳ್ಳಿಯಲ್ಲಿ ಐವತ್ತು ನೂರಕ್ಕೆ ರೋಗಿ ನೋಡುವ ಡಾಕ್ಟರೂ ಇದ್ದಾರೆ. ಎರಡು ಮಾತು ಅವರ ಕಡೆಯೂ ಸರಿಯಿದ್ದವು. ಒಂದು: ಈ ಮಸೂದೆಗೆ ಮುಂಚೆ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿ, ಸರ್ಕಾರಿ ಆಸ್ಪತ್ರೆಗಳನ್ನೂ ಕಾಯ್ದೆಯೊಳಗೆ ತನ್ನಿ ಎಂದಿತ್ತು. ಸರ್ಕಾರ ತನ್ನ ಆಸ್ಪತ್ರೆಯನ್ನು ಹೊರಗಿಟ್ಟು ಪರರ ಆಸ್ಪತ್ರೆಗೆ ಕಾಯ್ದೆ ಮಾಡಿತು. ಎರಡು: ಖರ್ಚು ನೋಡದೆ ದರ ಕಟ್ಟಿದರೆ ಹೇಗೆ ಎಂದು ಅವರು ಕೇಳಿದರು. ಅಯ್ಯಾ, ಇದು ನಮ್ಮದೇ ಮಾತಲ್ಲವೆ! ಉತ್ಪಾದನಾ ವೆಚ್ಚದ ಮೇಲೆ ಬೆಲೆ ಕಟ್ಟಿ ಎಂದು ನಾವು ಹಗಲಿರುಳು ಕೂಗುತ್ತಿರುವುದು ಇದನ್ನೇ. ಹಾಗಾದರೆ ಬನ್ನಿ, ಲೆಕ್ಕದ ಪುಸ್ತಕ ಬಿಚ್ಚೋಣ. ನಾವು ಒಂದು ಟನ್ ಕಬ್ಬಿನ ಖರ್ಚು ಬಿಚ್ಚಿಡುತ್ತೇವೆ, ನೀವು ಒಂದು ದಿನದ ಹಾಸಿಗೆಯ ಖರ್ಚು ಬಿಚ್ಚಿಡಿ. ಅವರು ನಾಲ್ಕು ದಿನ ಬಾಗಿಲು ಹಾಕಿದರೆ ಸರ್ಕಾರ ಮಾತಿಗೆ ಕರೆಯುತ್ತದೆ. ನಾವು ರಸ್ತೆಗೆ ಕೂತರೆ ಪೊಲೀಸರನ್ನು ಕಳಿಸುತ್ತದೆ. ಇದು ಯಾವ ನ್ಯಾಯ?

ಇನ್ನು ಬೆಳಗಾವಿ ಬಿಟ್ಟು ಖಾನಾಪುರಕ್ಕೆ ಬರೋಣ. ಅಲ್ಲಿ ಪ್ರಶ್ನೆಯೇ ಬೇರೆ. ದರ ಕಟ್ಟಲಿಕ್ಕೆ ಮೊದಲು ದವಾಖಾನೆ ಇರಬೇಕಲ್ಲ! 2024ರ ಜುಲೈ ಮಳೆಯಲ್ಲಿ ಆಮಗಾಂವದ ಜನ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬಳನ್ನು ಮರದ ಡೋಲಿಯಲ್ಲಿ ಮಲಗಿಸಿ, ಹೆಗಲ ಮೇಲೆ ಹೊತ್ತು, ಕಾಡುಹಾದಿಯಲ್ಲಿ ಆಂಬುಲೆನ್ಸ್ ಸಿಗುವ ತನಕ ನಡೆದರು. 108 ಸೇವೆ ನಾಡಿನಲ್ಲಿ ಶುರುವಾದದ್ದು 2008ರಲ್ಲಿ. ಹದಿನಾರು ವರ್ಷವಾದರೂ ಅದು ಆಮಗಾಂವದ ಹಳ್ಳ ದಾಟಲಿಲ್ಲ. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎನ್ನುತ್ತದೆ ಸರ್ಕಾರದ ನಿಯಮ. ತಲೆ ಎಣಿಸಿ ಕಟ್ಟಡ ಕಟ್ಟಬಹುದು. ಆದರೆ ಕಾಡಿನಲ್ಲಿ ಅಳೆಯಬೇಕಾದದ್ದು ತಲೆ ಅಲ್ಲ, ದಾರಿ. ಹೊಳೆ ತುಂಬಿದಾಗ ಎಷ್ಟು ತಾಸಿನಲ್ಲಿ ಡಾಕ್ಟರ ಮುಂದೆ ಹೋಗಿ ನಿಲ್ಲಬಹುದು ಎಂಬುದು.

ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು. ಒಳಗಿನ ಹಳ್ಳಿಗಳಿಗೆ ರಸ್ತೆ ಕೇಳಿದರೆ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. ಕೊನೆಗೆ ಸಿಕ್ಕ ಉತ್ತರ, ಊರು ಬಿಟ್ಟು ಹೊರಗೆ ಬನ್ನಿ, ಮನೆತನಕ್ಕೆ 15 ಲಕ್ಷ ಕೊಡುತ್ತೇವೆ ಎಂಬುದು. ತಳೇವಾಡಿಯವರು ಒಪ್ಪಿದರು. ಒಪ್ಪಿದವರನ್ನು ನಾವು ಹಳಿಯುವುದಿಲ್ಲ. ಮಕ್ಕಳನ್ನು ಡೋಲಿಯಲ್ಲಿ ಹೊತ್ತು ಸಾಕಾದವರು ಅವರು. ಆದರೆ ಡಾಕ್ಟರು ಬೇಕಾದರೆ ಭೂಮಿ ಬಿಡು ಎನ್ನುವುದು ಆರೋಗ್ಯ ಸುಧಾರಣೆಯೇನ್ರೀ? ಹಾಗಂದರೆ ರೋಗವೇ ಜಮೀನು ತೆರವು ಮಾಡಿಸುವ ನೋಟೀಸು ಆಯಿತಲ್ಲ.

ಇದೇ ಖಾನಾಪುರದಲ್ಲಿ ಇನ್ನೊಂದು ನಾಟಕ ನಡೆಯಿತು. 2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಊರುಗಳಿಗೂ ವಿಸ್ತರಿಸಿದ್ದೇವೆ ಎಂದಿತು. ನಮ್ಮ ಸರ್ಕಾರ ಸಿಟ್ಟಾಯಿತು. ಸಿಟ್ಟು ಬರಬೇಕಾದದ್ದೇ, ಪಕ್ಕದ ಮನೆಯವನು ಬಂದು ನಮ್ಮ ಮಕ್ಕಳಿಗೆ ಊಟ ಬಡಿಸುತ್ತೇನೆ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ನಮ್ಮ ಮಕ್ಕಳು ಉಂಡಿದ್ದಾರೋ ಇಲ್ಲವೋ ಎಂದು ಒಳಗೆ ಹೋಗಿ ನೋಡಬೇಕಿತ್ತಲ್ಲ! ಇತ್ತ ಗಡಿಯ ಆಚೆ ಗೋವಾದ ಬಾಂಬೋಳಿ ಆಸ್ಪತ್ರೆ, 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಹಾಕಿತು. ಒಬ್ಬ ಕರೆದು ಕಾರ್ಡು ಕೊಡುತ್ತೇನೆ ಅಂದ, ಒಬ್ಬ ದುಡ್ಡು ಇಡು ಅಂದ, ಒಬ್ಬ ಇಬ್ಬರ ಮೇಲೂ ಜಗಳಕ್ಕೆ ನಿಂತ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಈಗ ಪತ್ರಿಕೆಗಳ ಮಾತು. ಆ ದಿನಗಳಲ್ಲಿ ಖಾನಾಪುರ ಪೇಟೆಯಲ್ಲಿ ಕನ್ನಡ ಪತ್ರಿಕೆಯೂ ಬರುತ್ತಿತ್ತು, ಮರಾಠಿ ಪತ್ರಿಕೆಯೂ ಬರುತ್ತಿತ್ತು. ಒಂದರಲ್ಲಿ ಗಡಿ ಅತಿಕ್ರಮ, ಇನ್ನೊಂದರಲ್ಲಿ ಗಡಿ ಜನರ ಮೇಲೆ ಅನ್ಯಾಯ. ಕನ್ನಡಿಗನಿಗೂ ಮರಾಠಿಗನಿಗೂ ಬರುವ ಜ್ವರ ಒಂದೇ. ಡಾಕ್ಟರಿಲ್ಲದ ಖುರ್ಚಿಗೆ ಯಾವ ಭಾಷೆ? ಖಾನಾಪುರ ತಾಲೂಕಿನಲ್ಲಿ ಮಂಜೂರಾದ ಡಾಕ್ಟರ ಹುದ್ದೆ ಎಷ್ಟು, ಭರ್ತಿ ಎಷ್ಟು ಎಂಬ ಎರಡು ಅಂಕಿಯನ್ನು ಎರಡೂ ಭಾಷೆಯವರು ದಿನಾ ಮೊದಲ ಪುಟದಲ್ಲಿ ಹಾಕಿದ್ದರೆ ಎರಡೂ ಸರ್ಕಾರಗಳ ಬಾಯಿ ಮುಚ್ಚುತ್ತಿತ್ತು.

2017ರ ಮುಷ್ಕರದಲ್ಲೂ ಹೀಗೆಯೇ. ಚಿಕಿತ್ಸೆ ಸಿಗದೆ ರೋಗಿಗಳು ಸತ್ತರು ಎಂದು ಸುದ್ದಿ ಬಂತು. ಆ ಸಾವಿಗೂ ಮುಷ್ಕರಕ್ಕೂ ಸಂಬಂಧವಿಲ್ಲ ಎಂದು ವೈದ್ಯರ ಸಂಘ ಹೇಳಿತು. ಕಟ್ಟೆ ಮೇಲೆ ಕೂತ ನಮಗೆ ಸಿಕ್ಕಿದ್ದು ಎರಡು ಪಕ್ಷದ ಬೈಗುಳ ಮಾತ್ರ. ಮಸೂದೆಯಲ್ಲಿ ನಿಜಕ್ಕೂ ಏನು ಬರೆದಿದೆ ಎಂದು ಸಾಲು ಸಾಲಾಗಿ ಬಿಡಿಸಿ ಹೇಳಿದವರು ಎಷ್ಟು ಮಂದಿ? ಆಸ್ಪತ್ರೆಯ ಪುಟತುಂಬ ಜಾಹೀರಾತು ಹಾಕುವ ಪತ್ರಿಕೆ ಆಸ್ಪತ್ರೆ ದರದ ಬಗ್ಗೆ ಎಷ್ಟು ಗಟ್ಟಿಯಾಗಿ ಬರೆದೀತು? ಸಕ್ಕರೆ ಕಾರ್ಖಾನೆಯ ಶುಭಾಶಯ ಪ್ರಕಟಿಸುವ ಪತ್ರಿಕೆ ಕಬ್ಬಿನ ಬಾಕಿ ಬಗ್ಗೆ ಬರೆದಷ್ಟೇ! ದುಡ್ಡು ಪಡೆದು ಚುನಾವಣೆ ಸುದ್ದಿ ಹಾಕುವ ದಂಧೆ ನಡೆದಿದೆ ಎಂದು ಭಾರತೀಯ ಪತ್ರಿಕಾ ಮಂಡಳಿಯ ಸಮಿತಿಯೇ 2010ರಲ್ಲಿ ವರದಿ ಬರೆಯಿತು. ಅಂದಮೇಲೆ ಪತ್ರಿಕೆ ಹೇಳಿದ್ದೆಲ್ಲ ವೇದವಾಕ್ಯವಲ್ಲ.

ಹಾಗಂತ ಪತ್ರಿಕೆಯನ್ನೇ ಒಲೆಗೆ ಹಾಕಿ ಮೊಬೈಲಿನ ವಾಟ್ಸಾಪ್ ನಂಬಿ ಕೂತರೆ ಅದು ಇನ್ನೂ ದೊಡ್ಡ ಹುಂಬತನ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ ಅಲ್ಲಿ ತುಂಬಿದ್ದಾರೆ. 2021ರಲ್ಲಿ ಲಸಿಕೆ ಹಾಕಿಸಿಕೊಂಡರೆ ಎರಡು ವರ್ಷದಲ್ಲಿ ಸಾಯುತ್ತೀರಿ ಎಂಬ ಸಂದೇಶ ಹಳ್ಳಿ ಹಳ್ಳಿ ತಿರುಗಿತು. ಬರೆದವನ ಹೆಸರಿಲ್ಲ, ಊರಿಲ್ಲ. ಪತ್ರಿಕೆಯಾದರೆ ಸಂಪಾದಕನ ಹೆಸರು, ವಿಳಾಸ ಅಚ್ಚಾಗಿರುತ್ತದೆ. ತಪ್ಪು ಬರೆದರೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಬಹುದು, ನಮ್ಮದನ್ನೂ ಸೇರಿಸಿ. ಆಮಗಾಂವದ ಡೋಲಿಯ ಚಿತ್ರ ಸುದ್ದಿಯಾಗದಿದ್ದರೆ ಬೆಂಗಳೂರಿಗೆ ಆ ಊರಿನ ಹೆಸರೂ ಗೊತ್ತಾಗುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಸದನ ಕಾವೇರಿತು. ದಿನಾ ಬೆನ್ನು ಹತ್ತಿ ಬರೆದ ವರದಿಗಾರರಿಗೂ ಅದರಲ್ಲಿ ಪಾಲಿದೆ. ಒಳ್ಳೆ ವರದಿಗಾರ ಒಳ್ಳೆ ಎತ್ತಿದ್ದ ಹಾಗೆ. ಅವನನ್ನು ಮೇಯಿಸುವವರು ಯಾರು ಎಂದು ನೋಡಬೇಕು, ಅಷ್ಟೇ.

ಸುದ್ದಿಯನ್ನು ನಾವು ಬೀಜ ಆರಿಸಿದ ಹಾಗೆ ಆರಿಸಬೇಕು. ಇದನ್ನು ಹೇಳಿದವರು ಯಾರು? ಇದರಿಂದ ಲಾಭ ಯಾರಿಗೆ? ಎದುರು ಪಕ್ಷದವನ ಮಾತು ಇದೆಯೋ ಇಲ್ಲವೋ? ಮತ್ತು ಮುಖ್ಯವಾಗಿ, ತಿಂಗಳಾದ ಮೇಲೆ ಆ ಪತ್ರಿಕೆ ಆ ಊರಿಗೆ ತಿರುಗಿ ಹೋಯಿತೋ ಇಲ್ಲವೋ? ಡೋಲಿ ಹೊತ್ತ ದಿನ ಕ್ಯಾಮೆರಾ ಬರುವುದು ಸುಲಭ. ಮುಂದಿನ ಮಳೆಗಾಲಕ್ಕೆ ಮುಂಚೆ ಸೇತುವೆ ಆಯಿತೇ ಎಂದು ಕೇಳಲು ಬರುವವನೇ ನಿಜವಾದ ಪತ್ರಕರ್ತ.

ಕಾರ್ಡುಗಳ ಬಗ್ಗೆಯೂ ಒಂದು ಮಾತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜಿನ ಶೇ. 30 ಮಾತ್ರ, ಅದೂ 1.5 ಲಕ್ಷದೊಳಗೆ. 3 ಹೆಕ್ಟೇರ್, ಅಂದರೆ ಏಳೂವರೆ ಎಕರೆಗಿಂತ ಹೆಚ್ಚು ಒಣಭೂಮಿ ಇದ್ದವನಿಗೆ ಬಿಪಿಎಲ್ ಇಲ್ಲ. ಮಳೆ ನಂಬಿದ ಎಂಟೆಕರೆಯವನು ಸರ್ಕಾರದ ಕಣ್ಣಿಗೆ ಸಾವಕಾರ! ಇಂಥವನಿಗೆ ಆಸರೆಯಾಗಲೆಂದೇ 2003ರಲ್ಲಿ ತಿಂಗಳಿಗೆ 5 ರೂಪಾಯಿ ವಂತಿಗೆಯ ಯಶಸ್ವಿನಿ ಬಂತು. 2018ರಲ್ಲಿ ಅದನ್ನು ನಿಲ್ಲಿಸಿದರು. ಸಹಕಾರಿಗಳು ಕೂಗಿದ ಮೇಲೆ 2023ರ ಜನವರಿಯಿಂದ ಮತ್ತೆ ಶುರುವಾಯಿತು, ಹಳ್ಳಿಯ ನಾಲ್ಕು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಸೊಸಾಯಿಟಿ ಸದಸ್ಯರು ತಪ್ಪದೆ ಮಾಡಿಸಿರಿ. ಆದರೆ ನೆನಪಿರಲಿ: ಕಾರ್ಡು ಆಸ್ಪತ್ರೆ ಬಾಗಿಲಲ್ಲಿ ಕೆಲಸಕ್ಕೆ ಬರುತ್ತದೆ. ಬಾಗಿಲ ತನಕ ಒಯ್ಯುವ ದಾರಿ ಅದರಲ್ಲಿಲ್ಲ. ಕಾರ್ಡಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಹಳ್ಳಿ ದವಾಖಾನೆಗೆ ಬರದಿದ್ದರೆ, ಸರ್ಕಾರದ ಹಣ ನಮ್ಮ ಹೆಸರಿನಲ್ಲಿ ಪಟ್ಟಣದ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ, ಅಷ್ಟೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಖಾನಾಪುರದಂಥ ತಾಲೂಕಿನಲ್ಲಿ ಜನಸಂಖ್ಯೆಯ ಜೊತೆಗೆ ದಾರಿಯ ದೂರ ನೋಡಿ ದವಾಖಾನೆ ಕೊಡಿ. ಅಲ್ಲಿ ಇರುವ ಡಾಕ್ಟರಿಗೆ ಹೆಚ್ಚು ಪಗಾರ, ಮನೆ ಕೊಡಿ. ಸರ್ಕಾರಿ ಆಸ್ಪತ್ರೆಯನ್ನೂ ದೂರು ಕಾಯ್ದೆಯೊಳಗೆ ತನ್ನಿ. ಖಾಸಗಿ ಆಸ್ಪತ್ರೆಯ ವೆಚ್ಚ ಬಹಿರಂಗವಾಗಿ ಲೆಕ್ಕ ಹಾಕಿ ದರ ಕಟ್ಟಿ. ಸಾಲ ಮನ್ನಾ, ಸಾಲ ಪುನರ್ರಚನೆ ಯಾವುದೇ ಬಂದರೂ ಆಸ್ಪತ್ರೆಗಾಗಿ ಮಾಡಿದ ಸಾಲವನ್ನು ರೈತನ ಸಾಲವೆಂದೇ ಹಿಡಿಯಿರಿ.

ಸರ್ಕಾರ ಮಾಡುವ ತನಕ ನಾವು ಕೈ ಕಟ್ಟಿ ಕೂಡಬಾರದು. 2017ರ ಕಾಯ್ದೆಯ ಹಲ್ಲು ಹೋದರೂ ಒಸಡು ಉಳಿದಿದೆ: ಆಸ್ಪತ್ರೆ ದರಪಟ್ಟಿ ತೂಗು ಹಾಕಬೇಕು, ತುರ್ತು ರೋಗಿಗೆ ಮುಂಗಡ ಕೇಳದೆ ಚಿಕಿತ್ಸೆ ಕೊಡಬೇಕು, ಬಾಕಿಗಾಗಿ ಹೆಣ ಹಿಡಿದಿಡಬಾರದು, ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಇದನ್ನು ಬಾಯಿಪಾಠ ಮಾಡಿರಿ. ಪ್ರತಿ ಹಳ್ಳಿ ಘಟಕದವರು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ದವಾಖಾನೆಯಲ್ಲಿ ಹುದ್ದೆ ಎಷ್ಟು, ಖಾಲಿ ಎಷ್ಟು, ಹಾವಿನ ಔಷಧ ಇದೆಯೋ ಇಲ್ಲವೋ ಕೇಳಿರಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿರಿ, ಪಂಚಾಯತಿ ಗೋಡೆಗೆ ಅಂಟಿಸಿರಿ, ಕನ್ನಡ ಮರಾಠಿ ಎರಡೂ ಪತ್ರಿಕೆಗೆ ಕಳಿಸಿರಿ, ನಮಗೂ ಒಂದು ಪ್ರತಿ ಕಳಿಸಿರಿ. ಯಾರು ಹಾಕುತ್ತಾರೆ, ಯಾರು ಕಸದಬುಟ್ಟಿಗೆ ಎಸೆಯುತ್ತಾರೆ ಎಂಬುದರಲ್ಲೇ ಯಾರನ್ನು ನಂಬಬೇಕು ಎಂಬುದೂ ತಿಳಿಯುತ್ತದೆ.

ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಅದೇ ನೀರಿನ ಕರದ ವಿರುದ್ಧ 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಎದ್ದು ನಿಂತರು. ಇಡೀ ನಾಡು ಎಚ್ಚರವಾಯಿತು. ಆ ನೀರಿನ ಮೂಲದಲ್ಲಿ ಇವತ್ತು ರೋಗಿಯನ್ನು ಹೆಗಲ ಮೇಲೆ ಹೊರುತ್ತಿದ್ದಾರೆ. ಕೆಳಗಿನ ಬಯಲಿನ ನಾವು ಅವರ ನೀರು ಉಂಡವರು. ಅವರ ಡೋಲಿಗೆ ನಮ್ಮ ಹೆಗಲೂ ಕೊಡಬೇಕು.