ಉಪ್ಪಿನ ಹರಳೊಂದು ಕಲಿಸುವ ಪಾಠ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಆ ಉಪ್ಪು ಎರಡು ಉಗ್ರ ವಸ್ತುಗಳ ಸಂಯೋಗದಿಂದಾದುದು ಎಂದರೆ ಅಡುಗೆಮನೆಯ ಮಾತೆಯರು ನಂಬಲಾರರು. ಸೋಡಿಯಂ ನೀರು ಸೋಕಿದೊಡನೆ ಭುಗಿಲೇಳುವ ಲೋಹ. ಕ್ಲೋರಿನ್ ವಿಷಾನಿಲ, 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಹರಿಯಬಿಟ್ಟುದು ಇದನ್ನೇ. ಇವೆರಡೂ ಕೂಡಿ ಅನ್ನಕ್ಕೆ ಬೇಕಾದ ಉಪ್ಪಾಗುವುದು ಹೇಗೆ? ಉತ್ತರವು ಪರಮಾಣುವಿನ ರಚನೆಯಲ್ಲಿದೆ.

ಪರಮಾಣುವಿನ ಮಾತು ನಮ್ಮ ವೈಶೇಷಿಕ ದರ್ಶನದಲ್ಲಿಯೂ ಉಂಟು. ಆದರೆ ತೂಕದ ಲೆಕ್ಕದಿಂದ ಅದನ್ನು ರಸಾಯನಶಾಸ್ತ್ರಕ್ಕೆ ಅಡಿಗಲ್ಲಾಗಿಸಿದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ನೇಕಾರನ ಮಗನಾದ ಆತ ಹನ್ನೆರಡರ ಹರೆಯದಲ್ಲಿಯೇ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದವನು. ಅವನ ಮಹಾಗ್ರಂಥದ ಮೊದಲ ಭಾಗ 1808ರಲ್ಲಿ ಹೊರಬಂದಿತು. ಪರಮಾಣು ಒಡೆಯಲಾಗದ ಗುಂಡೆಂದು ಆತ ಬಗೆದಿದ್ದನು. ಅದರೊಳಗೊಂದು ಬೀಜಕೇಂದ್ರವಿದೆಯೆಂದು 1911ರಲ್ಲಿ ರದರ್‌ಫೋರ್ಡ್ ತೋರಿಸಿಕೊಟ್ಟನು. ಪರಮಾಣುವನ್ನು ವಿಶಾಲವಾದ ಆಟದ ಬಯಲೆಂದು ಭಾವಿಸಿದರೆ, ಬೀಜಕೇಂದ್ರವು ಅದರ ನಡುವಿನ ಸಾಸಿವೆ ಕಾಳು. ಆ ಕಾಳಿನಲ್ಲಿ ಧನವಿದ್ಯುತ್ತುಳ್ಳ ಪ್ರೋಟಾನುಗಳೂ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇವೆ. ಹೊರಗಿನ ಕವಚಗಳಲ್ಲಿ ಋಣವಿದ್ಯುತ್ತುಳ್ಳ ಎಲೆಕ್ಟ್ರಾನುಗಳಿವೆ.

ಮೂಲವಸ್ತು ಯಾವುದೆಂಬುದನ್ನು ನಿರ್ಣಯಿಸುವುದು ಪ್ರೋಟಾನುಗಳ ಸಂಖ್ಯೆ. ಅದರ ನಡತೆಯನ್ನು ನಿರ್ಣಯಿಸುವುದು ಮುಖ್ಯವಾಗಿ ಹೊರಕವಚದ ಎಲೆಕ್ಟ್ರಾನುಗಳು. ಸೋಡಿಯಂನ 11 ಎಲೆಕ್ಟ್ರಾನುಗಳು 2, 8, 1 ಎಂದು ಹಂಚಿಕೆಯಾಗಿವೆ. ಕ್ಲೋರಿನ್ನಿನ 17 ಎಲೆಕ್ಟ್ರಾನುಗಳು 2, 8, 7 ಎಂದು. ಹೊರಗೆ ಎಂಟಿದ್ದರೆ ಇವಕ್ಕೆ ನೆಮ್ಮದಿ. ಒಂದಕ್ಕೆ ಒಂದು ಹೆಚ್ಚು, ಇನ್ನೊಂದಕ್ಕೆ ಒಂದು ಕಡಮೆ. ಸೋಡಿಯಂ ಕೊಡುತ್ತದೆ, ಕ್ಲೋರಿನ್ ಕೊಳ್ಳುತ್ತದೆ. ಕೊಟ್ಟುದು ಧನವಾಗಿ, ಕೊಂಡುದು ಋಣವಾಗಿ, ಒಂದನ್ನೊಂದು ಸೆಳೆದು ಸಾಲುಗಟ್ಟಿ ನಿಂತಾಗ ಉಪ್ಪಿನ ಹರಳು ಮೂಡುತ್ತದೆ. ಬೀಜಕೇಂದ್ರಗಳು ಇದ್ದಂತೆಯೇ ಇವೆ. ಎಲೆಕ್ಟ್ರಾನೊಂದು ಮನೆ ಬದಲಿಸಿದ ಮಾತ್ರಕ್ಕೆ ವಿಷವು ಆಹಾರವಾಯಿತು. ರಸಾಯನಶಾಸ್ತ್ರವೆಲ್ಲ ಬಹುಮಟ್ಟಿಗೆ ಈ ಕೊಡುಕೊಳ್ಳುವಿಕೆಯ, ಹಂಚಿಕೊಳ್ಳುವಿಕೆಯ ಕಥೆಯೇ.

ಗಡಿಯಾಚೆ ನೆಲೆಸಿದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಶಾಲೆಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. ಅವರು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸುವರು. ಅರ್ಥ ಮಾತ್ರ ಹೊಸ್ತಿಲಾಚೆಯೇ ಉಳಿಯುವುದು. ವಿಜ್ಞಾನಕ್ಕೆ ಕನ್ನಡ ಒದಗದೆಂಬ ಶಂಕೆ ಕೆಲವು ತಂದೆತಾಯಂದಿರಲ್ಲಿಯೂ ಇದೆ. ಮೇಲಿನ ವಿಷಯವನ್ನು ನಾವು ಹೇಳಿದುದು ಕನ್ನಡದಲ್ಲಿಯೇ ಅಲ್ಲವೆ? ಊಟಕ್ಕೆ ಕುಳಿತಾಗ ಮಗುವಿನ ಎಲೆಗೆ ಉಪ್ಪು ಬಡಿಸಿ, ‘ಇದರಲ್ಲಿ ಕೊಟ್ಟವರಾರು, ಕೊಂಡವರಾರು?’ ಎಂದು ಕೇಳಿರಿ. ಮನೆಮಾತಿನಲ್ಲಿ ಉತ್ತರ ಹೇಳಬಲ್ಲ ಮಗು ಶಾಲೆಯ ಯಾವ ಭಾಷೆಯಲ್ಲಿಯೂ ಅದನ್ನು ಬರೆಯಲು ಅಂಜದು.