ಹಿತ್ತಿಲಿಗೆ ಗಾಜಿನ ಕೋಣೆ ಯಾಕೆ ಸ್ವಾಮೀ?

ಮುಂಬಯಿ, ಪುಣೆಯ ನಮ್ಮವರಿಗೆ ಈಗೊಂದು ಹೊಸ ಹುಚ್ಚು ಹಿಡಿದಿದೆ. ಊರಿನ ಹಳೇ ಹೆಂಚಿನ ಮನೆ ರಿಪೇರಿ ಮಾಡಿಸುತ್ತಾರೆ, ಸಂತೋಷ. ಮಾರಿ ಕೈತೊಳೆದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ಆದರೆ ರಿಪೇರಿ ಅಂದಕೂಡಲೇ ಹಿಂಬದಿಗೊಂದು 'ಸನ್‌ರೂಮ್' ಬೇಕಂತೆ! ಮೂರು ಕಡೆ ಗಾಜು, ಮೇಲೂ ಗಾಜು, ಒಳಗೆ ಬೆತ್ತದ ಕುರ್ಚಿ, ಎದುರಿಗೆ ಹಿತ್ತಿಲಿನ ದಾಸವಾಳ. ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಚೆಂದವೇ ಇದೆ. ಆದರೆ ಅದು ಇಂಗ್ಲೆಂಡಿನ ಫೋಟೋ, ನಮ್ಮ ಕುಮಟೆಯದ್ದಲ್ಲ.

ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಲ್ಲಿಯವರು ಇಷ್ಟಿಷ್ಟು ಬಿಸಿಲನ್ನೂ ಗಾಜಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ, ನ್ಯಾಯವೇ. ಗಾಜಿನ ಗುಣವೇ ಅದು: ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ನೆಲದ ಶಾಖವನ್ನು ಹೊರಗೆ ಬಿಡುವುದಿಲ್ಲ. ಕುಮಟೆಯಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಗಾಜಿನ ಮಾಡಿನ ಕೆಳಗೆ ಆಗ ಯಾರು ಕೂರುತ್ತಾರೆ? ಹಪ್ಪಳ ಒಣಗಿಸಬಹುದು ಅಷ್ಟೆ.

"ಲಾಲ್‌ಬಾಗಿನಲ್ಲಿ ಗಾಜಿನ ಮನೆ ಇಲ್ಲವೇ?" ಅಂತ ಒಬ್ಬರು ಕೇಳಿದರು. ಇದೆ. 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು. ಆದರೆ ಅದು ಫಲಪುಷ್ಪ ಪ್ರದರ್ಶನಕ್ಕೆ ಕಟ್ಟಿದ್ದು, ಅಲ್ಲಿ ಯಾರೂ ಸಂಸಾರ ಹೂಡಿಲ್ಲ. ಬೆಂಗಳೂರಿನ ತಂಪು ಹವೆಯಲ್ಲೂ ಅದರ ಮಾಡನ್ನು ಅಷ್ಟೆತ್ತರಕ್ಕೆ ಏರಿಸಿ ಬದಿಗಳನ್ನು ಗಾಳಿಗೆ ತೆರೆದಿಟ್ಟಿದ್ದಾರೆ, ಗಮನಿಸಿದ್ದೀರಾ?

ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುತ್ತದೆ. ಹಳೇ ಹೆಂಚಿನ ಸೂರಿಗೆ ಗಾಜಿನ ಮಾಡು ತಂದು ಜೋಡಿಸಿದರೆ ನಡುವೆ ಒಂದು ತಗಡಿನ ದೋಣಿ ಬೇಕೇ ಬೇಕು. ಹಲಸಿನೆಲೆ, ಮಾವಿನೆಲೆ ಅದರಲ್ಲಿ ಕಟ್ಟಿಕೊಂಡ ದಿನ ನೀರು ಎಲ್ಲಿಗೆ ಹೋಗುತ್ತದೆ? ಸೀದಾ ಗೋಡೆಗೆ, ಪಕಾಸಿಗೆ. ಆಮೇಲೆ ಗೆದ್ದಲು. ನೂರು ವರ್ಷ ನಿಂತ ಮನೆಯನ್ನು 'ಉಳಿಸಲು' ಹೋಗಿ ಅದರ ಮರಕ್ಕೇ ಕುತ್ತು ತಂದಂತೆ.

ಹಳೇ ಮನೆ ಕತ್ತಲು, ಹಿತ್ತಿಲು ಕಾಣುವುದೇ ಇಲ್ಲ ಎನ್ನುತ್ತೀರಾ? ಒಪ್ಪಿದೆ. ಕತ್ತಲಿಗೆ ಮದ್ದು ಆ ಹೆಂಚಿನ ಜೊತೆಗೇ ಇದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನದೇ ಆಕಾರದಲ್ಲಿ ಗಾಜಿನ ಹೆಂಚೂ ಬರುತ್ತದೆ. ನಾಲ್ಕು ಹೆಂಚು ತೆಗೆದು ನಾಲ್ಕು ಗಾಜಿನದ್ದು ಹಾಕಿ, ಅಡುಗೆಮನೆ ಬೆಳಗುತ್ತದೆ.

ಹಿತ್ತಿಲಿಗೆ ಬೇಕಾದದ್ದು ಜಗಲಿ. ಆದರೆ ಅದನ್ನೂ ಲೆಕ್ಕ ಹಾಕಿ ಕಟ್ಟಬೇಕು. ಅದೇ ಇಳಿಜಾರಿನಲ್ಲಿ ಮಾಡನ್ನು 6 ಅಡಿ ಮುಂದೆ ತಂದರೆ ಅದು ಮೂರಡಿಗೂ ಹೆಚ್ಚು ಕೆಳಗಿಳಿದು ತಲೆಗೆ ತಾಗುತ್ತದೆ. ಅದಕ್ಕೆ ನೆಲವನ್ನೇ ಎರಡು ಮೂರು ಮೆಟ್ಟಿಲು ತಗ್ಗಿಸಿ. ಹಳೇ ಮನೆಗಳ ಪಂಚಾಂಗ ಎತ್ತರ, ಹಾಗಾಗಿ ಜಾಗ ಸಿಗುತ್ತದೆ. ನೀವೂ ಅಷ್ಟು ತೋಟಕ್ಕೆ ಹತ್ತಿರವಾಗುತ್ತೀರಿ. ಕಂಬಗಳಿಗೆ ಪ್ರತ್ಯೇಕ ತಳಪಾಯ ಹಾಕಿಸಿ, ಹಳೇ ಮಣ್ಣಿನ ಗೋಡೆಯ ಮೇಲೆ ಹೊಸ ಭಾರ ಬೇಡ. ಸೊಳ್ಳೆಗೆ ಜಾಲರಿ ಚೌಕಟ್ಟು, ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟಿ. ಮಳೆ ನಿಂತ ಮೇಲೆ ಬಿಚ್ಚಿಟ್ಟರಾಯಿತು. ಗಾಜು ಬೇಕೇ ಬೇಕೆಂದರೆ ಪೂರ್ವಕ್ಕೊಂದು ಕಿಟಕಿ, ಅದೂ ಸೂರಿನ ನೆರಳಲ್ಲಿ.

ನನ್ನ ಸಿಟ್ಟು ಬರೀ ಗಾಜಿನ ಮೇಲಲ್ಲ. ನಾವು ಊರಿಗೆ ಹೋಗುವುದು ಡಿಸೆಂಬರಿನಲ್ಲಿ, ಹದಿನೈದು ದಿನ. ಆ ಹಿತವಾದ ಬಿಸಿಲಲ್ಲಿ ನಿಂತು ನಕ್ಷೆ ಬರೆಸುತ್ತೇವೆ. ಉಳಿದ ಹನ್ನೊಂದೂವರೆ ತಿಂಗಳು ಅಲ್ಲಿರುವವರು ಅಮ್ಮ, ಚಿಕ್ಕಪ್ಪ, ಅತ್ತಿಗೆ. ಸೆಕೆ ಅವರಿಗೆ, ಸೋರಿಕೆ ಅವರಿಗೆ, ಗಾಜು ಒರೆಸುವ ಕೆಲಸವೂ ಅವರಿಗೇ. ಕರೆಂಟು ಹೋದ ಮಧ್ಯಾಹ್ನ ಫ್ಯಾನೂ ಇಲ್ಲ. ದುಡ್ಡು ನಮ್ಮದು ಎಂಬ ಒಂದೇ ಕಾರಣಕ್ಕೆ ಅವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಒಪ್ಪಿಗೆ ಅಂತ ನಾವು ತಿಳಿದುಕೊಳ್ಳುತ್ತೇವೆ.

ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮೊದಲು ಅವರನ್ನು ಕೂರಿಸಿ ಕೇಳಿ, ಮಧ್ಯಾಹ್ನ ಎರಡು ಗಂಟೆಗೆ ನೀವು ಎಲ್ಲಿ ಕೂರುತ್ತೀರಿ ಅಂತ. ಎಲ್ಲಿ ಬೆರಳು ತೋರಿಸುತ್ತಾರೋ ಅಲ್ಲಿ ನೆರಳು ಮಾಡಿಸಿಕೊಡಿ. ಏನಂತೀರಿ?