ಟಿಕೆಟಿನ ಲೆಕ್ಕವೂ ಪ್ರಯಾಣದ ಬೇಡಿಕೆಯೂ

ಒಂದು ಮಾರ್ಗದಲ್ಲಿ ದಿನಕ್ಕೆ ಎಷ್ಟು ಟಿಕೆಟುಗಳು ಹರಿದವೆಂಬುದನ್ನು ಎಣಿಸಿ, ಅದೇ ಆ ಮಾರ್ಗದ ಬೇಡಿಕೆಯೆಂದು ತಿಳಿಯುವ ರೂಢಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬಸ್ಸು ತುಂಬಿ ಬಂದರೆ ಬೇಡಿಕೆಯುಂಟು. ಖಾಲಿ ಬಂದರೆ ಇಲ್ಲ. ಬಸ್ಸೇ ಇಲ್ಲದ ಕಡೆ ಪ್ರಶ್ನೆಯೇ ಏಳುವುದಿಲ್ಲ. ಈ ತರ್ಕವು ಸರಳವಾಗಿ ತೋರುವುದಾದರೂ ವಿಜ್ಞಾನದ ವಿದ್ಯಾರ್ಥಿಯು ಇದನ್ನು ಒಪ್ಪತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ. ಬಾವಿಯಿಂದ ಸೇದಿದ ಕೊಡಗಳನ್ನು ಎಣಿಸಿದ ಮಾತ್ರಕ್ಕೆ ಊರಿನ ನೀರಡಿಕೆ ತಿಳಿಯುವುದಿಲ್ಲ. ಹಗ್ಗದ ಉದ್ದವೂ ಕೊಡದ ಗಾತ್ರವೂ ಆ ಲೆಕ್ಕದಲ್ಲಿ ಬೆರೆತುಕೊಂಡಿರುತ್ತವೆ.

ಊರುಗಳ ನಡುವೆ ಜನರು ಏಕೆ, ಎಷ್ಟು, ಹೇಗೆ ಓಡಾಡುವರೆಂಬುದನ್ನು ಗಣಿತದಿಂದ ನಿರೂಪಿಸುವ ಶಾಸ್ತ್ರವೊಂದಿದೆ. 1950ರ ದಶಕದಲ್ಲಿ ಅಮೇರಿಕೆಯ ಡೆಟ್ರಾಯಿಟ್, ಶಿಕಾಗೋ ನಗರಗಳ ಸಂಚಾರದ ಅಧ್ಯಯನಗಳಲ್ಲಿ ಅದು ರೂಪುಗೊಂಡಿತು. ಅದು ಕೇಳುವ ಪ್ರಶ್ನೆಗಳು ನಾಲ್ಕು. ಒಂದು ವಲಯದಲ್ಲಿ ಎಷ್ಟು ಪ್ರಯಾಣಗಳು ಹುಟ್ಟುತ್ತವೆ? ಅವು ಯಾವ ಯಾವ ವಲಯಗಳಿಗೆ ಹಂಚಿಹೋಗುತ್ತವೆ? ಯಾವ ವಾಹನವನ್ನು ಆರಿಸಿಕೊಳ್ಳುತ್ತವೆ? ಯಾವ ದಾರಿಯನ್ನು ಹಿಡಿಯುತ್ತವೆ? ಇವನ್ನು ನಮ್ಮ ವಿಜಯಪುರ, ತಿಕೋಟಾ, ಬಬಲೇಶ್ವರಗಳಿಗೆ ಅನ್ವಯಿಸಿ ನೋಡೋಣ.

ನಕಾಶೆಯನ್ನು ಬಿಡಿಸಿದರೆ ಈ ಮೂರು ಊರುಗಳು ಒಂದು ತ್ರಿಕೋನವಾಗಿ ಕಾಣುತ್ತವೆ. ಅಥಣಿಯ ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ ತಿಕೋಟಾ, ನೈಋತ್ಯಕ್ಕೆ ಹೊರಳಿದರೆ ಬಬಲೇಶ್ವರ. ಎರಡೂ ನಗರದಿಂದ ಸುಮಾರು 20–25 ಕಿಲೋಮೀಟರಿನ ಅಳತೆಯಲ್ಲಿವೆ. ಅವೆರಡರ ನಡುವಿನ ಅಂತರವೂ ಇದಕ್ಕಿಂತ ಬಹಳ ಬೇರೆಯಲ್ಲ. ಬಾಹುಗಳು ಹೆಚ್ಚುಕಡಿಮೆ ಸಮನಾಗಿದ್ದರೂ ಜನಸಂಚಾರವು ಮೂರರಲ್ಲಿಯೂ ಸಮನಾಗಿರುವುದಿಲ್ಲವೇಕೆ?

ಇದಕ್ಕೆ ಶಾಸ್ತ್ರಜ್ಞರು ಮೊದಲು ಕೊಟ್ಟ ಉತ್ತರವು ನ್ಯೂಟನ್ನನಿಂದ ಎರವಲು ತಂದದ್ದು. ಎರಡು ಊರುಗಳ ನಡುವಿನ ಸಂಚಾರವು ಅವುಗಳ ತೂಕಗಳ ಗುಣಲಬ್ಧಕ್ಕೆ ಅನುಲೋಮವಾಗಿಯೂ ದೂರದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆಂದು ಅವರು ಭಾವಿಸಿದರು. ಇಲ್ಲಿ ತೂಕವೆಂದರೆ ಜನಸಂಖ್ಯೆ, ಕಾಲೇಜು, ಕಚೇರಿ, ಪೇಟೆ ಮುಂತಾದುವು. ಲೆಕ್ಕಕ್ಕಾಗಿ ವಿಜಯಪುರದ ತೂಕವನ್ನು 30 ಎಂದೂ ಮಿಕ್ಕೆರಡು ಊರುಗಳ ತೂಕವನ್ನು 2 ಎಂದೂ, ದೂರಗಳೆಲ್ಲವನ್ನೂ 20 ಎಂದೂ ಇಟ್ಟುಕೊಳ್ಳೋಣ. ವಿಜಯಪುರ–ತಿಕೋಟಾಗಳ ನಡುವೆ 60ನ್ನು 400ರಿಂದ ಭಾಗಿಸಬೇಕು; ತಿಕೋಟಾ–ಬಬಲೇಶ್ವರಗಳ ನಡುವೆ 4ನ್ನು 400ರಿಂದ ಭಾಗಿಸಬೇಕು. ದೂರವೊಂದೇ ಆದರೂ ಮೊದಲನೆಯದು ಎರಡನೆಯದರ ಹದಿನೈದು ಪಟ್ಟಾಯಿತು. ಎರಡು ಸಣ್ಣ ಊರುಗಳ ನಡುವೆ ನೇರ ಬಸ್ಸಿಗಾಗಿ ಕಾಯುವ ಗೋಳು ನಮ್ಮ ನಾಡಿನ ಎಲ್ಲ ಜಿಲ್ಲೆಗಳಲ್ಲಿಯೂ ಇರುವುದೇಕೆಂಬುದು ಇದರಿಂದ ಅರ್ಥವಾಗುತ್ತದೆ.

ಆದರೆ ಈ ಹೋಲಿಕೆಯನ್ನು ಅತಿಯಾಗಿ ನಂಬಬಾರದು. ಸೂರ್ಯನು ಎಷ್ಟು ಗ್ರಹಗಳನ್ನು ಸೆಳೆದರೂ ಅವನ ಆಕರ್ಷಣೆಯು ಖರ್ಚಾಗುವುದಿಲ್ಲ. ಮನುಷ್ಯನ ದಿನವಾದರೋ 24 ಗಂಟೆಗಳಿಗೆ ಮುಗಿಯುತ್ತದೆ. ಹೊನವಾಡದ ಹುಡುಗನು ಬೆಳಿಗ್ಗೆ ವಿಜಯಪುರದ ಕಾಲೇಜಿಗೆ ಹೋದರೆ ಅದೇ ಹೊತ್ತಿಗೆ ತಿಕೋಟಾದ ಕಾಲೇಜಿನಲ್ಲಿ ಇರಲಾರನು. ಆದುದರಿಂದ ಒಂದು ಊರಿನಿಂದ ಹೊರಟ ಪ್ರಯಾಣಗಳ ಮೊತ್ತವನ್ನು ಹಿಡಿದಿಟ್ಟುಕೊಂಡೇ ಹಂಚಿಕೆಯನ್ನು ಮಾಡಬೇಕಾಗುತ್ತದೆ. 1967ರಲ್ಲಿ ಇಂಗ್ಲೆಂಡಿನ ಅಲನ್ ವಿಲ್ಸನ್ ಎಂಬ ವಿದ್ವಾಂಸರು ಈ ಹಂಚಿಕೆಯನ್ನು ಗುರುತ್ವದಿಂದಲ್ಲದೆ ಎಂಟ್ರೊಪಿಯ ತತ್ತ್ವದಿಂದ ಸಾಧಿಸಿ ತೋರಿಸಿದರು. ಒಟ್ಟು ಪ್ರಯಾಣಗಳು ಇಷ್ಟು, ಒಟ್ಟು ವೆಚ್ಚ ಇಷ್ಟು ಎಂದು ನಿಶ್ಚಯವಾದರೆ, ಅತ್ಯಂತ ಹೆಚ್ಚು ವಿಧಗಳಿಂದ ಸಂಭವಿಸಬಲ್ಲ ಹಂಚಿಕೆಯೇ ಹೆಚ್ಚು ಸಂಭಾವ್ಯವಾದದ್ದು. ಅನಿಲದ ಅಣುಗಳಿಗೆ ಬೋಲ್ಟ್ಸ್‌ಮನ್ ಹಾಕಿದ ಲೆಕ್ಕವೇ ಬಸ್ ನಿಲ್ದಾಣದ ಜನರಿಗೂ ಅನ್ವಯಿಸಿತು! ಭೌತಶಾಸ್ತ್ರವನ್ನು ಓದಿ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳಿಗೆ ನಾವು ಈ ಸಂಗತಿಯನ್ನು ಸಂತೋಷದಿಂದ ಹೇಳುತ್ತೇವೆ.

ತೂಕಗಳೂ ಸ್ಥಿರವಲ್ಲ. ಹಿಂದೆ ವಿಜಯಪುರ ತಾಲೂಕಿಗೇ ಸೇರಿದ್ದ ತಿಕೋಟಾ, ಬಬಲೇಶ್ವರಗಳು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದುವು. ಅದಕ್ಕೆ ಮೊದಲು ಬಿಜ್ಜರಗಿಯ ರೈತನು ತಹಶೀಲದಾರರ ಕಚೇರಿಯ ಕೆಲಸಕ್ಕೆ ವಿಜಯಪುರಕ್ಕೆ ಹೋಗಬೇಕಾಗಿತ್ತು. ಈಗ ತಿಕೋಟಾಕ್ಕೆ ಹೋಗುತ್ತಾನೆ. ಅಥಣಿಯ ರಸ್ತೆಯಲ್ಲಿಯೇ ತೊರವಿಯ ಬಳಿ ಮಹಿಳಾ ವಿಶ್ವವಿದ್ಯಾಲಯವು ಬೆಳೆದಿದೆ. (ಎರಡನೆಯ ಇಬ್ರಾಹಿಂ ಆದಿಲಶಹನು ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದ ಸ್ಥಳವೂ ಇದೇ ತೊರವಿ, ನಗರ ಉಳಿಯಲಿಲ್ಲ, ವಿದ್ಯಾರ್ಥಿನಿಯರು ಬಂದರು.) ಹತ್ತು ವರ್ಷಗಳ ಹಿಂದಿನ ಟಿಕೆಟುಗಳ ಲೆಕ್ಕದಿಂದ ಇಂದಿನ ವೇಳಾಪತ್ರಿಕೆಯನ್ನು ತಯಾರಿಸುವುದು ಹಳೆಯ ಪಂಚಾಂಗವನ್ನು ನೋಡಿ ಈ ವರ್ಷದ ಹಬ್ಬವನ್ನು ಮಾಡಿದಂತೆ.

ಇನ್ನು ಟಿಕೆಟು ಏನನ್ನು ಅಳೆಯುತ್ತದೆಂಬುದನ್ನು ಪರೀಕ್ಷಿಸೋಣ. ಮಮದಾಪುರದ ಒಬ್ಬ ವಿದ್ಯಾರ್ಥಿನಿಯು ಟಂಟಂ ಹತ್ತಿ ಬಬಲೇಶ್ವರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ವಿಜಯಪುರವನ್ನು ಸೇರಿ, ನಿಲ್ದಾಣದಿಂದ ಇನ್ನೊಂದು ಬಸ್ಸಿನಲ್ಲಿ ತೊರವಿಗೆ ಹೋದಳೆಂದಿಟ್ಟುಕೊಳ್ಳಿ. ಅವಳ ಪ್ರಯಾಣವು ಒಂದು. ಲೆಕ್ಕದ ಪುಸ್ತಕದಲ್ಲಿಯಾದರೋ ಬಬಲೇಶ್ವರದಲ್ಲಿ ಹುಟ್ಟಿದ ಒಂದು, ವಿಜಯಪುರದಲ್ಲಿ ಹುಟ್ಟಿದ ಮತ್ತೊಂದು, ಹೀಗೆ ಎರಡು ಪ್ರಯಾಣಗಳು ದಾಖಲಾಗುತ್ತವೆ. ಮಮದಾಪುರದ ಹೆಸರೇ ಇಲ್ಲ. ಪಾಸು ಪಡೆದ ಅವಳ ಅಣ್ಣನು ದಿನವೂ ಓಡಾಡಿದರೂ ಟಿಕೆಟನ್ನು ಕೊಳ್ಳುವುದಿಲ್ಲ. ಮತ್ತು ಅದೇ ಊರಿನಲ್ಲಿ, ಸಂಜೆ ಹಿಂದಿರುಗಲು ಬಸ್ಸಿಲ್ಲವೆಂಬ ಕಾರಣದಿಂದ ಪಿ.ಯು.ಸಿ.ಗೆ ಓದನ್ನು ನಿಲ್ಲಿಸಿದ ಹುಡುಗಿಯೊಬ್ಬಳಿದ್ದರೆ, ಆಕೆಯು ಯಾವ ಪುಸ್ತಕದಲ್ಲಿಯೂ ಇಲ್ಲ. ಆಕೆಯ ಬೇಡಿಕೆ ಸೊನ್ನೆಯಲ್ಲ. ನಮ್ಮ ಮಾಪಕವು ಅದನ್ನು ಸೊನ್ನೆಯೆಂದು ತೋರಿಸುತ್ತದೆ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ದೊಡ್ಡದೊಂದು ಪ್ರಯೋಗ ನಡೆದಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ದರವು ಶೂನ್ಯವಾಯಿತು. 2025ರ ಜುಲೈ ತಿಂಗಳಿಗೆ ಇಂಥ ಶೂನ್ಯ ದರದ ಟಿಕೆಟುಗಳ ಸಂಖ್ಯೆಯು 500 ಕೋಟಿಯನ್ನು ಮುಟ್ಟಿತು. ಇವರಲ್ಲಿ ಕೆಲವರು ಮೊದಲೂ ಬಸ್ಸಿನಲ್ಲಿಯೇ ಹೋಗುತ್ತಿದ್ದವರು, ಕೆಲವರು ಟಂಟಂಗಳಿಂದ ಬಂದವರು, ಇನ್ನು ಕೆಲವರು ಮನೆಯನ್ನೇ ಬಿಡದಿದ್ದವರು. ಈ ಮೂವರನ್ನು ಬೇರೆಬೇರೆಯಾಗಿ ಗುರುತಿಸಲು ಟಿಕೆಟಿಗೆ ಶಕ್ತಿಯಿಲ್ಲ. ಆದರೂ ಒಂದು ಮಾತು ಸ್ಪಷ್ಟ: ಹಣವೆಂಬ ಒಂದು ತಡೆಯನ್ನು ತೆಗೆದೊಡನೆ, ಹಿಂದಿನ ಲೆಕ್ಕಗಳಲ್ಲಿ ಇಲ್ಲದಿದ್ದ ಪ್ರಯಾಣಗಳು ಹೊರಬಿದ್ದುವು.

ಹಣವೊಂದೇ ವೆಚ್ಚವಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಶಾಸ್ತ್ರಜ್ಞರು ದರ, ಪ್ರಯಾಣದ ಕಾಲ, ಕಾಯುವ ಕಾಲ, ನಡಿಗೆ ಇವೆಲ್ಲವನ್ನೂ ಕೂಡಿಸಿ ಒಟ್ಟು ವೆಚ್ಚವನ್ನು ಎಣಿಸುತ್ತಾರೆ. ಇದರಲ್ಲಿ ಕಾಯುವ ಒಂದು ನಿಮಿಷವನ್ನು ಬಸ್ಸಿನಲ್ಲಿ ಕುಳಿತ ಸುಮಾರು ಎರಡು ನಿಮಿಷಗಳಿಗೆ ಸಮವೆಂದು ಹಿಡಿಯುವುದು ವಾಡಿಕೆ. ಎರಡು ಗಂಟೆಗೊಂದು ಬಸ್ಸಿದ್ದು, ವೇಳೆಯ ಭರವಸೆಯಿಲ್ಲದಿದ್ದರೆ ಸರಾಸರಿ ಒಂದು ಗಂಟೆ ಕಾಯಬೇಕು. ಅದು ಮನಸ್ಸಿಗೆ ಎರಡು ಗಂಟೆಯ ಭಾರ. ಬಸ್ಸು 20 ಕಿಲೋಮೀಟರನ್ನು ಮುಕ್ಕಾಲು ಗಂಟೆಯಲ್ಲಿ ದಾಟಿದರೂ ಈ ಭಾರವೇ ಮಿಗಿಲು. ಟಿಕೆಟು ಪುಕ್ಕಟೆಯಾದರೂ ಹೆಂಗಸರು ಹಣ ಕೊಟ್ಟು ಟಂಟಂ ಹತ್ತುವುದನ್ನು ಕಂಡು ನಗುವವರಿದ್ದಾರೆ. ನಗತಕ್ಕ ವಿಷಯವೇನೂ ಅಲ್ಲ. ಅವರು ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದಾರೆ.

ನಾಲ್ಕನೆಯ ಪ್ರಶ್ನೆ, ಎಂದರೆ ದಾರಿಯ ಆಯ್ಕೆ, ನಮ್ಮ ಪ್ರಕರಣದಲ್ಲಿ ಹೆಚ್ಚು ಚರ್ಚೆಯನ್ನು ಬೇಡುವುದಿಲ್ಲ. ಗಾಂಧಿಚೌಕದ ಸುತ್ತಲಿನ ಇಕ್ಕಟ್ಟಿನಲ್ಲಿ ಅದಕ್ಕೆ ಮಹತ್ತ್ವವುಂಟು. ತಿಕೋಟಾಕ್ಕೆ ಹೋಗುವವನಿಗೆ ಅಥಣಿಯ ರಸ್ತೆಯೇ ರಸ್ತೆ.

ಖಾಲಿ ಬಸ್ಸನ್ನು ಓಡಿಸಲು ಸಾರಿಗೆ ನಿಗಮಕ್ಕೆ ಸಾಧ್ಯವೇ ಎಂದು ಕೇಳುವವರ ಆಕ್ಷೇಪವು ನ್ಯಾಯವಾದುದು. ಡೀಸೆಲಿಗೂ ಸಿಬ್ಬಂದಿಗೂ ಹಣ ಬೇಕು. ನಾವು ಕೇಳುವುದು ಬಸ್ಸನ್ನಲ್ಲ, ಮೊದಲು ಸರಿಯಾದ ಅಳತೆಯನ್ನು. ಇನ್ನೂ ಇಲ್ಲದ ಸೇವೆಯ ಬೇಡಿಕೆಯನ್ನು ಅಳೆಯಲು ಸಾಧ್ಯವೇ ಎಂದರೆ, ಸಾಧ್ಯವೆಂದೇ ಉತ್ತರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1972ರಲ್ಲಿ ಹೊಸ ರೈಲು ಆರಂಭವಾಗುವ ಮೊದಲು ಡೇನಿಯಲ್ ಮ್ಯಾಕ್‌ಫ್ಯಾಡನ್ ಮತ್ತು ಅವರ ಸಂಗಡಿಗರು ಜನರನ್ನು ವಿಚಾರಿಸಿ, ಕೆಲಸಕ್ಕೆ ಹೋಗುವವರಲ್ಲಿ ಶೇಕಡ 6.3 ಮಂದಿ ಅದನ್ನು ಬಳಸುವರೆಂದು ಗಣಿಸಿದರು. ನಿಜವಾಗಿ ಬಳಸಿದವರು ಶೇಕಡ 6.2. ಜನರ ಆಯ್ಕೆಯನ್ನು ವಿಶ್ಲೇಷಿಸುವ ಈ ವಿಧಾನಗಳಿಗಾಗಿ ಅವರು 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು. ಎರಡೂ ತಾಲೂಕುಗಳ ಹಳ್ಳಿಗಳಿಂದ ಚೀಟಿಯೆತ್ತಿ 400 ಮನೆಗಳನ್ನು ಆರಿಸಿದರೂ ಸಾಕು. ಹೌದು–ಇಲ್ಲ ಎಂಬ ಉತ್ತರಗಳಲ್ಲಿ ದೋಷವು ಶೇಕಡ 5ರ ಒಳಗೆ ಬರುವ ಸಂಭವವೇ ಹೆಚ್ಚು. ನಿನ್ನೆ ಎಲ್ಲಿಗೆ, ಏತರಲ್ಲಿ, ಎಷ್ಟು ಹೊತ್ತು ಕಾಯ್ದು ಹೋದಿರೆಂದು ಕೇಳಬೇಕು. ಹೋಗಬೇಕೆಂದಿದ್ದೂ ಹೋಗದೆ ಉಳಿದಿರಾ, ಏಕೆ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕು. ಮನೆಯ ಯಜಮಾನನನ್ನು ಮಾತ್ರವಲ್ಲ, ಹೆಣ್ಣುಮಕ್ಕಳನ್ನೂ ಬೇರೆಯಾಗಿಯೇ ಕೇಳಬೇಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರವನ್ನು ಬಿಡತಕ್ಕದ್ದು. ತಿಕೋಟಾದ ಸೀಮೆಯಲ್ಲಿ ದ್ರಾಕ್ಷಿಯ ಕಟಾವಿನ ಕಾಲಕ್ಕೊಮ್ಮೆ, ಮಳೆಗಾಲದಲ್ಲೊಮ್ಮೆ, ಹೀಗೆ ಎರಡು ಸಲ ವಿಚಾರಿಸುವುದು ಲೇಸು.

ಬಾಯಿಮಾತಿನ ಆಸೆಯು ನಡೆಯುವ ಪ್ರಯಾಣಕ್ಕಿಂತ ಯಾವಾಗಲೂ ದೊಡ್ಡದಾಗಿರುತ್ತದೆಂಬುದು ನಿಜ. ಅದನ್ನು ಪ್ರಯೋಗದಿಂದಲೇ ತಿದ್ದಬೇಕು. ಆದರೆ ಹದಿನೈದು ದಿನ ಬಸ್ಸನ್ನು ಓಡಿಸಿ, ಜನ ಬರಲಿಲ್ಲವೆಂದು ನಿಲ್ಲಿಸುವುದು ಪ್ರಯೋಗವಾಗಲಾರದು. ತಂದೆಯು ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬುದನ್ನು ವರ್ಷಕ್ಕೊಂದೇ ಸಲ ನಿಶ್ಚಯಿಸುತ್ತಾನೆ. ಪ್ರವೇಶದ ದಿನಗಳಿಗೆ ಮೊದಲೇ ಸಂಜೆಯ ಬಸ್ಸು ಓಡತೊಡಗಿ, ಮುಂದಿನ ಬೇಸಿಗೆಯವರೆಗೆ ಅದೇ ವೇಳೆಗೆ ಓಡುವುದೆಂಬ ಮಾತನ್ನು ಊರಿನ ನಿಲ್ದಾಣದ ಗೋಡೆಯ ಮೇಲೆ ಬರೆದು ಹಾಕಿದ್ದರೆ, ಆಮೇಲೆ ಬಂದ ಸಂಖ್ಯೆಯನ್ನು ಬೇಡಿಕೆಯೆಂದು ಕರೆಯಲು ನಮ್ಮ ಅಡ್ಡಿಯಿಲ್ಲ.